ಪ್ಲೇಟ್ ಕಡೆಗೇ ಯಾಕೆ?

ಮೊನ್ನೆ ಭಾನುವಾರ ಅಣ್ಣನ ಮಗಳು ನೋಟ್‌ಬುಕ್ ಹಿಡ್ಕೊಂಡು ಬಂದ್ಲು. "ಚಿಕ್ಕಪ್ಪ, ಡಬಲ್ ಸ್ಲಿಟ್‌ನಲ್ಲಿ ಒಂದು ಸೀಳಿನ ಮುಂದೆ ತೆಳು ಪ್ಲೇಟ್ ಇಟ್ರೆ ಪಟ್ಟಿಗಳೆಲ್ಲ ಪ್ಲೇಟ್ ಕಡೆಗೇ ಸರಿಯುತ್ತಂತೆ. ಬೆಳಕು ಅಲ್ಲಿ ನಿಧಾನ ಆಗೋದಾದ್ರೆ ಆಚೆ ಕಡೆಗೆ ಹೋಗ್ಬೇಕಲ್ವಾ?" ಡಬಲ್ ಸ್ಲಿಟ್ ಅಂದ್ರೆ ಅಕ್ಕಪಕ್ಕದ ಎರಡು ಸಣ್ಣ ಸೀಳಿಂದ ಬೆಳಕು ಹಾಯಿಸೋ ಪ್ರಯೋಗ, ಎರಡೂ ಸೇರಿ ಪರದೆ ಮೇಲೆ ಬೆಳಕು-ಕತ್ತಲೆ ಪಟ್ಟಿ ಮೂಡುತ್ತೆ. ಟ್ಯೂಷನ್ ಸರ್ ಹೇಳಿದ್ದಿಷ್ಟೇ, ನೆನಪಿಟ್ಕೊ, ಸಿಇಟಿಲಿ ಯಾಕೆ ಅಂತ ಕೇಳಲ್ಲ. ಕೆಟ್ಟ ಮನುಷ್ಯ ಏನಲ್ಲ ಪಾಪ, ಪೋರ್ಷನ್ ಮುಗಿಸೋ ಅವಸರ, ಆದ್ರೂ ಆ ಮಾತು ನಂಗೆ ಇನ್ನೂ ಚುಚ್ತಾ ಇದೆ.

ನಡುವಿನ ಪಟ್ಟಿ ಅಂದ್ರೆ ಎರಡೂ ಸೀಳಿಂದ ಹೊರಟ ಬೆಳಕು ಒಂದೇ ಹೊತ್ತಿಗೆ ತಲುಪೋ ಜಾಗ. ಎದುರುಬದುರು ಮನೆಯಿಂದ ಇಬ್ರು ಹೊರಟು ಒಬ್ಬ ದಾರೀಲಿ ಟೀಗೆ ನಿಂತ ಅಂತಿಟ್ಕೊ, ಇಬ್ರೂ ಸೇರೋದು ಲೇಟಾದವನ ಮನೆ ಹತ್ರಾನೇ ಅಂದೆ. ತಕ್ಷಣ ಹಿಡಿದ್ಲು. ಹಿಡಿದ್ಮೇಲೆ ಕೇಳಿದ್ದು ನೋಡಿ: "ಎಲ್ಲ ಪಟ್ಟೀನೂ ಒಂದೇ ಥರ ಇರುತ್ತಲ್ಲ, ಸರಿದಿದೆ ಅಂತ ಹೇಗೆ ಗೊತ್ತಾಗುತ್ತೆ?"

ಸ್ಕೂಟರ್ ಓಡಿಸ್ತಾನೂ ಅದೇ ಪ್ರಶ್ನೆ ತಲೇಲಿ. ಲೆಕ್ಕ ಹಾಕಿ, ಪ್ಲೇಟು ಮೈಕಾದ್ದು (ಅಭ್ರಕ) ಅಂತಿಟ್ಕೊಳ್ಳಿ, ಅದರ ವಕ್ರೀಭವನ ಸೂಚ್ಯಂಕ, ಅಂದ್ರೆ ಬೆಳಕು ಅದರೊಳಗೆ ಎಷ್ಟು ಪಟ್ಟು ನಿಧಾನ ಅನ್ನೋದು, 1.58, ದಪ್ಪ 7 ಮೈಕ್ರಾನ್, ಸೂಚ್ಯಂಕದಲ್ಲಿ ಗಾಳಿಯ 1 ಕಳೆದು ಉಳಿದ 0.58ರಿಂದ ಗುಣಿಸಿದ್ರೆ ಸುಮಾರು 4 ಮೈಕ್ರಾನ್ ಹೆಚ್ಚುವರಿ ದಾರಿ, ಒಂದೇ ಬಣ್ಣದ ಸೋಡಿಯಂ ಬೆಳಕಿನ ತರಂಗದ ಉದ್ದ 589 ನ್ಯಾನೋಮೀಟರ್ (0.589 ಮೈಕ್ರಾನ್), ಒಂದು ತರಂಗಕ್ಕೆ ಒಂದು ಪಟ್ಟಿ, ಅಂದ್ರೆ ಹತ್ತತ್ರ 7 ಪಟ್ಟಿ ಸರೀತು. ಪಟ್ಟಿ ಅಗಲ ಬದಲಾಗಲ್ಲ. ಸರಿಯಾಗಿ 7 ಆಗೋ ಹಾಗೆ ಮೈಕಾ ಸೀಳಿದ್ರಂತೂ ಮೊದಲಿನ ಫೋಟೋ, ಆಮೇಲಿನ ಫೋಟೋ ಯಾವುದು ಅಂತ ಯಾರಿಗೂ ಹೇಳಕ್ಕಾಗಲ್ಲ! ಪುಸ್ತಕದಲ್ಲಿ ಮಾತ್ರ ಆರಾಮಾಗಿ 'ಕೇಂದ್ರ ಪಟ್ಟಿ ಇಲ್ಲಿಗೆ ಬಂತು' ಅಂತ ಬಾಣ ಹಾಕಿರ್ತಾರೆ.

ಉಪಾಯ ಬಿಳಿ ಬೆಳಕು. ಅದ್ರಲ್ಲಿ ನಡುವಿನದ್ದೊಂದೇ ಬೆಳ್ಳಗೆ, ಅಕ್ಕಪಕ್ಕದವಕ್ಕೆ ಬಣ್ಣದ ಅಂಚು, ಸ್ವಲ್ಪ ಆಚೆ ಹೋದ್ರೆ ಎಲ್ಲ ಕಲಸಿಹೋಗುತ್ತೆ. ಆ ಬಿಳೀದು ಎಲ್ಲಿ ಹೋಯ್ತು ಅಂತ ಹುಡುಕೋದು. ಪ್ಯಾರಿಸ್‌ನಲ್ಲಿ ಅರಾಗೋ, ಫ್ರೆನೆಲ್ ಅನ್ನೋ ಇಬ್ರು ವಿಜ್ಞಾನಿಗಳು ಇನ್ನೂರು ವರ್ಷದ ಹಿಂದೆ ಈ ಸರಿಯೋದನ್ನೇ ಅಳತೆಗೋಲು ಮಾಡ್ಕೊಂಡು, ಒಣ ಗಾಳಿಗೂ ತೇವದ ಗಾಳಿಗೂ ಬೆಳಕಿನ ಮಟ್ಟಿಗೆ ಏನು ವ್ಯತ್ಯಾಸ ಅಂತ ನೋಡಿದ್ರು. ಅಂಥದ್ದನ್ನ ನಾವು ಒಂದು ಮಾರ್ಕ್‌ನ ಸೂತ್ರ ಮಾಡಿಟ್ಟಿದ್ದೀವಿ, ಅದಕ್ಕೆ ವರ್ಷಕ್ಕೆ ಅಷ್ಟೊಂದು ಫೀಸು ಬೇರೆ.

ಈಗ ಅವಳಿಗೆ ಮೈಕಾ ಬೇಕಂತೆ. ಹಳೇ ಇಸ್ತ್ರಿ ಪೆಟ್ಟಿಗೆ ಒಳಗಿರುತ್ತೆ, ಬ್ಲೇಡಲ್ಲಿ ಪದರ ಪದರವಾಗಿ ಬಿಡಿಸ್ಬಹುದು ಅಂತ ಬಾಯ್ತಪ್ಪಿ ಹೇಳ್ಬಿಟ್ಟೆ. ನಿನ್ನೆ ರಾತ್ರಿ ಅಣ್ಣನ ಫೋನು, ಇಸ್ತ್ರಿ ಪೆಟ್ಟಿಗೆ ಬಿಚ್ಚಿ ಹಾಕಿದ್ದಾಳಂತೆ, ಅದೂ ಹಳೇದಲ್ಲ.