ಆನೆಯೂ ಬೆಟ್ಟವೂ ಒಂದೇ ಚಿತ್ರದಲ್ಲಿ: ಅಂಬೋಸೆಲಿಯಲ್ಲಿ ಟೆಲಿಫೋಟೋ ಲೆನ್ಸ್ ಬಳಕೆ

ಬೆಂಗಳೂರಿನಿಂದ ಛಾಯಾಗ್ರಾಹಕರ ತಂಡಗಳನ್ನು ಕೆನ್ಯಾಕ್ಕೆ ಕರೆದೊಯ್ಯುವುದು ನನ್ನ ವೃತ್ತಿ. ಅಂಬೋಸೆಲಿ ರಾಷ್ಟ್ರೀಯ ಉದ್ಯಾನದಲ್ಲಿ ಆನೆ ಕಂಡೊಡನೆ ಬಹುತೇಕರು ಜೀಪನ್ನು ಇನ್ನಷ್ಟು ಹತ್ತಿರ ನಿಲ್ಲಿಸಲು ಕೇಳುತ್ತಾರೆ. ಕಬಿನಿ, ನಾಗರಹೊಳೆಗಳ ದಟ್ಟ ಕಾಡಿನಲ್ಲಿ ಪಳಗಿದವರಿಗೆ ಪ್ರಾಣಿಯಿಂದಲೇ ಚೌಕಟ್ಟು ತುಂಬಿಸುವುದು ರೂಢಿ. ಆದರೆ ಹಿನ್ನೆಲೆಯಲ್ಲಿ ಕಿಲಿಮಂಜಾರೊ ಇರುವಾಗ, ದಾರಿ ಬಿಟ್ಟಿಳಿಯದೆ, ದೂರದಲ್ಲೇ ಜಾಗ ಹುಡುಕುವಂತೆ ನಾನು ಚಾಲಕರಿಗೆ ಹೇಳುತ್ತೇನೆ.

5,895 ಮೀಟರ್ ಎತ್ತರದ ಆ ಬೆಟ್ಟ ಗಡಿಯಾಚೆ ಟಾಂಜಾನಿಯಾದಲ್ಲಿದ್ದು, ಉದ್ಯಾನದ ನಡುಭಾಗದಿಂದ ಅದರ ಶಿಖರ 40 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಮೂರು ಮೀಟರ್ ಎತ್ತರದ ಆನೆಯನ್ನು 30 ಮೀಟರ್‌ನಿಂದ ನೋಡಿದರೆ ಆನೆಯೂ ಬೆಟ್ಟವೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಕಾಣುತ್ತವೆ. 120 ಮೀಟರ್‌ನಿಂದ ನೋಡಿದರೆ ಬೆಟ್ಟ ಆನೆಯ ನಾಲ್ಕು ಪಟ್ಟು ಎತ್ತರವಾಗಿ ಎದ್ದು ನಿಲ್ಲುತ್ತದೆ. ಈ ಪ್ರಮಾಣವನ್ನು ನಿರ್ಧರಿಸುವುದು ನಾವು ನಿಂತ ದೂರವೇ ಹೊರತು ಲೆನ್ಸ್ ಅಲ್ಲ. ಆ ದೂರದಿಂದ ಬೇಕಾದಷ್ಟನ್ನೇ ಕತ್ತರಿಸಿ ತೆಗೆಯುವುದಷ್ಟೇ ದೂರದ್ದನ್ನು ದೊಡ್ಡದಾಗಿ ತೋರುವ ಟೆಲಿಫೋಟೋ ಲೆನ್ಸ್ ಮಾಡುವ ಕೆಲಸ, ಮತ್ತು ನನ್ನ ಅಭಿಪ್ರಾಯದಲ್ಲಿ ಅದರ ಅತ್ಯುತ್ತಮ ಬಳಕೆಯೂ ಇದೇ.

ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾದಲ್ಲಿ 150ರಿಂದ 200 ಮಿ.ಮೀ. ಫೋಕಲ್ ಲೆಂತ್ (ಹೆಚ್ಚಿದಷ್ಟೂ ದೃಶ್ಯ ದೊಡ್ಡದಾಗಿ ಕಾಣುವ ಲೆನ್ಸಿನ ಅಳತೆ) ಸಾಕಾಗುತ್ತದೆ. 200 ಮಿ.ಮೀ.ನಲ್ಲಿ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಎಫ್/11ರಷ್ಟು ಕಿರಿದಾಗಿ ಇಟ್ಟು 120 ಮೀಟರ್ ದೂರದ ಆನೆಗೆ ಫೋಕಸ್ ಮಾಡಿದರೆ ಹಿಂದಿನ ಹಿಮವೂ ಸ್ಪಷ್ಟವಾಗಿ ಮೂಡುತ್ತದೆ, 400 ಮಿ.ಮೀ.ಗೆ ಹೋದರೆ ಅದೇ ಅಪರ್ಚರಿನಲ್ಲಿ ಬೆಟ್ಟ ಮಸುಕಾಗುತ್ತದೆ. ಕ್ಯಾಮೆರಾ ಅಲುಗದಂತೆ ಎಂಜಿನ್ ನಿಲ್ಲಿಸಿ, ಲೆನ್ಸನ್ನು ಬೀನ್ ಬ್ಯಾಗ್ (ಕಾಳು ತುಂಬಿದ ಮೆತ್ತನೆಯ ಚೀಲ) ಮೇಲಿಡಬೇಕು.

ಸಮಯದ ವಿಷಯದಲ್ಲಿ ಮಾತ್ರ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಬೆಟ್ಟದ ನೀರು ನೆಲದಡಿಯಿಂದ ಹರಿದು ತುಂಬುವ ಜೌಗು ಪ್ರದೇಶಗಳತ್ತ ಆನೆಗಳು ಬೆಳಿಗ್ಗೆ ಸಾಲಾಗಿ ನಡೆಯುತ್ತವೆ; ಹೆಜ್ಜೆ ಹೆಜ್ಜೆಗೂ ಬಿಳಿಚಿದ ಧೂಳು ಮೊಣಕಾಲಿನವರೆಗೆ ಏಳುತ್ತದೆ, ಬೆಳ್ಳಕ್ಕಿಗಳು ಕಾಲ ಬುಡದಲ್ಲೇ ಹಾರಿ ಹಾರಿ ಕೂರುತ್ತವೆ. ಆಗ ಪೂರ್ವದ ಬೆಳಕು ಪಕ್ಕದಿಂದ ಬಿದ್ದು ಚರ್ಮದ ಸುಕ್ಕುಗಳು ಎದ್ದು ಕಾಣುತ್ತವೆ. ಹೊತ್ತೇರಿದಂತೆ ಶಿಖರಕ್ಕೆ ಮೋಡ ಮುಸುಕುತ್ತದೆ. ನೆಲ ಕಾದು, ಬಿಸಿ ಗಾಳಿಯ ಪದರಗಳಲ್ಲಿ ಬೆಳಕು ಬಾಗಿ ಆನೆಯ ಕಾಲುಗಳು ನೀರಿನಲ್ಲಿ ಅಲುಗಿದಂತೆ ತೋರುತ್ತವೆ. ಎಷ್ಟೇ ಬೆಲೆಬಾಳುವ ಲೆನ್ಸ್ ಇರಲಿ, ಷಟರ್ ವೇಗ ಎಷ್ಟೇ ಹೆಚ್ಚಿಸಲಿ, ಆ ಅಲುಗಾಟವನ್ನು ಅಳಿಸಲಾಗದು. ಹಾಗಾಗಿ ಬೆಟ್ಟದ ಚಿತ್ರ ಬೇಕೆನ್ನುವ ತಂಡದೊಂದಿಗೆ ನಾನು ಉದ್ಯಾನದ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುತ್ತೇನೆ, ಉಪಾಹಾರವನ್ನು ಜೀಪಿನಲ್ಲೇ ಕಟ್ಟಿಸಿಕೊಂಡು.