ಮಕ್ಕಳು ಹಾಗೆ ಮಾಡುತ್ತಾರೆಯೇ?

“ಸರ್, ಮಕ್ಕಳಿಗಿ ಪಾಠ ಹೇಳೋರು ನೀವು, ಇಂಥಾ ಪುಸ್ತಕ ಯಾಕ ಓದ್ತೀರಿ? ಸಣ್ಣ ಮಕ್ಕಳು ಹಿಂಗ ಮಾಡ್ತಾವೇನ್ರಿ?” ಅಮೆರಿಕದ ಲೇಖಕ ಜ್ಯಾಕ್ ಕೆಚಮ್ ಅವರ ‘ದಿ ಗರ್ಲ್ ನೆಕ್ಸ್ಟ್ ಡೋರ್’ ಕಾದಂಬರಿಯ ಮಾತೆತ್ತಿದಾಗಲೆಲ್ಲ ಕಲಬುರಗಿಯ ಗೆಳೆಯರೂ ಸಹೋದ್ಯೋಗಿಗಳೂ ಈ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳುತ್ತಾರೆ. ಎರಡನೆಯದಕ್ಕೆ ಉತ್ತರ ಹೇಳಿದರೆ ಮೊದಲನೆಯದಕ್ಕೂ ಹೇಳಿದಂತಾಗುತ್ತದೆ.

1989ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ, ಅಪಘಾತದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮೆಗ್ ಮತ್ತು ಅವಳ ತಂಗಿ ಸೂಸನ್ ತಮ್ಮ ಸಂಬಂಧಿ ರೂತ್‌ಳ ಮನೆಗೆ ಬಂದು ಸೇರುತ್ತಾರೆ. ರೂತ್ ಮೆಗ್‌ಳನ್ನು ಹಿಂಸಿಸತೊಡಗುತ್ತಾಳೆ. ಆಮೇಲೆ ತನ್ನ ಗಂಡುಮಕ್ಕಳಿಗೂ ನೆರೆಯ ಮಕ್ಕಳಿಗೂ ಅದಕ್ಕೆ ಅಪ್ಪಣೆ ಕೊಡುತ್ತಾಳೆ. ಇದು ಪೂರ್ತಿ ಕಲ್ಪನೆಯಲ್ಲ. 1965ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 16 ವರ್ಷದ ಹುಡುಗಿಯೊಬ್ಬಳು ಹೀಗೆಯೇ ಸತ್ತಳು. ಮೇಳಗಳಲ್ಲಿ ಅಂಗಡಿ ಹಾಕುತ್ತ ಊರೂರು ತಿರುಗುತ್ತಿದ್ದ ಅವಳ ತಂದೆತಾಯಿ, ವಾರಕ್ಕೆ 20 ಡಾಲರ್ ಕೊಡುವ ಮಾತಿನ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬ ಮಹಿಳೆಯ ಮನೆಯಲ್ಲಿ ಬಿಟ್ಟುಹೋಗಿದ್ದರು. ಆ ಮಹಿಳೆಯ ಜೊತೆ ಅವಳ ಮಕ್ಕಳೂ ನೆರೆಹೊರೆಯ ಮಕ್ಕಳೂ ಹಿಂಸೆಯಲ್ಲಿ ಪಾಲ್ಗೊಂಡಿದ್ದರು.

ತಂದೆತಾಯಿ ಬಿಟ್ಟುಹೋದ ಮಕ್ಕಳ ಈ ವಿವರ ನನ್ನನ್ನು ಬಿಡುವುದಿಲ್ಲ. ನಮ್ಮ ಭಾಗದಲ್ಲಿ ತೊಗರಿ ರಾಶಿ ಮುಗಿದ ಮೇಲೆ ಎಷ್ಟೋ ತಂದೆತಾಯಂದಿರು ಪುಣೆ, ಮುಂಬೈ, ಬೆಂಗಳೂರುಗಳಿಗೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಬಳಿಯೋ, ಸೋದರಮಾವನ ಮನೆಯಲ್ಲೋ, ಹಾಸ್ಟೆಲಿನಲ್ಲೋ ಉಳಿಯುತ್ತಾರೆ. ಬಹಳಷ್ಟು ಮನೆಗಳು ಅವರನ್ನು ಅಕ್ಕರೆಯಿಂದಲೇ ಸಾಕುತ್ತವೆ ಎಂಬುದನ್ನು ಹೇಳಲೇಬೇಕು. ಆದರೆ ತನ್ನ ಪರವಾಗಿ ಜಗಳಕ್ಕೆ ನಿಲ್ಲುವವರು ಊರಲ್ಲಿಲ್ಲದ ಮಗು ಯಾವುದೆಂಬುದು ಶಿಕ್ಷಕರಿಗಿಂತ ಮೊದಲೇ ತರಗತಿಯ ಉಳಿದ ಮಕ್ಕಳಿಗೆ ಗೊತ್ತಾಗಿರುತ್ತದೆ. ಅಂಥ ಮಗುವಿಗೆ ಅವರು ಇಟ್ಟ ಅಡ್ಡಹೆಸರನ್ನು ಕೇಳಿ ಶಿಕ್ಷಕರೊಬ್ಬರು ನಕ್ಕುಬಿಟ್ಟರೆ ಸಾಕು, ಅಂದಿನಿಂದ ಇಡೀ ತರಗತಿಗೆ ಪರವಾನಗಿ ಸಿಕ್ಕಂತೆ. ಮಕ್ಕಳು ಹಾಗೆ ಮಾಡುತ್ತಾರೆಯೇ ಎಂದು ಕೇಳಿದರೆ, ಹಿರಿಯರು ಮಾಡಲು ಬಿಟ್ಟರೆ ಮಾಡುತ್ತಾರೆ ಎಂದೇ ನಾನು ಹೇಳುತ್ತೇನೆ.

ಆದರೂ ಈ ಕಾದಂಬರಿಯಲ್ಲಿ ನನ್ನನ್ನು ಹೆಚ್ಚು ಹೆದರಿಸಿದವನು ಕಥೆ ಹೇಳುವ ಡೇವಿಡ್. ಅವನು ಪಕ್ಕದ ಮನೆಯ ಹುಡುಗ, ಮೆಗ್ ಎಂದರೆ ಅವನಿಗೆ ಇಷ್ಟ. ಆದರೂ ಮತ್ತೆ ಮತ್ತೆ ಅವಳನ್ನು ಹಿಂಸಿಸುವ ನೆಲಮಾಳಿಗೆಗೆ ಹೋಗಿ ನೋಡುತ್ತ ನಿಲ್ಲುತ್ತಾನೆ, ಮನೆಗೆ ಮರಳಿ ಎಂದಿನಂತೆ ಇರುತ್ತಾನೆ. ಎಷ್ಟೋ ವರ್ಷಗಳ ನಂತರ ಇದನ್ನೆಲ್ಲ ಹೇಳುವಾಗ ಒಂದು ಘಟನೆಯ ಹತ್ತಿರ ಬಂದು, ಇದನ್ನು ಮಾತ್ರ ಹೇಳಲಾರೆ ಎಂದು ಕೆಲವೇ ಸಾಲುಗಳಲ್ಲಿ ಅಧ್ಯಾಯವನ್ನೇ ಮುಗಿಸಿಬಿಡುತ್ತಾನೆ. ಓದುಗರ ಕುತೂಹಲಕ್ಕಾಗಿ ಹಿಂಸೆಯನ್ನು ಬರೆಯುವ ಲೇಖಕ ಅಲ್ಲಿ ನಿಲ್ಲುತ್ತಿರಲಿಲ್ಲ. ಕೆಚಮ್ ಅವರ ಮೇಲೆ ನನಗೆ ಗೌರವ ಮೂಡಿದ್ದು ಆ ಪುಟದಿಂದ.

ಈ ಪುಸ್ತಕವನ್ನು ನಾನು ವಿದ್ಯಾರ್ಥಿಗಳ ಕೈಗೆ ಕೊಡುವುದಿಲ್ಲ. ಶಿಕ್ಷಕರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ಬೇರೆಯವರ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡವರಿಗೆ, ಒಳಗೆ ಏನಿದೆ ಎಂದು ಮೊದಲೇ ತಿಳಿಸಿ ಕೊಡುತ್ತೇನೆ. ಓದಲಾಗದೆ ನಡುವೆಯೇ ಮರಳಿಸಿದವರ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ.