ಮಡಿಕೇರಿಯಿಂದ ದೆಹಲಿಗೆ: ವಿಮಾನದಲ್ಲಿ 3 ಗಂಟೆ, ಮನೆಯಿಂದ 13

ಬೆಂಗಳೂರಿನಿಂದ ದೆಹಲಿಗೆ ವಿಮಾನದ ದಾರಿ ಸುಮಾರು 1,700 ಕಿ.ಮೀ. ಟಿಕೆಟ್‌ನಲ್ಲಿ ಕಾಣುವ ಸಮಯ 2 ಗಂಟೆ 45 ನಿಮಿಷದ ಆಸುಪಾಸು. ಆದರೆ ಮಡಿಕೇರಿಯಿಂದ ದೇವನಹಳ್ಳಿ ವಿಮಾನ ನಿಲ್ದಾಣ ತಲುಪುವುದಕ್ಕೇ ಸುಮಾರು 300 ಕಿ.ಮೀ., ಆರೂವರೆ ಏಳು ಗಂಟೆ! ಕೊಡಗಿನಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲೂ ಇಲ್ಲ. ಹಾಗಾಗಿ ನಮ್ಮಂಥವರು ಟಿಕೆಟ್ ನೋಡುವಾಗ ವಿಮಾನದ ಗಂಟೆಗಿಂತ ರಸ್ತೆಯ ಗಂಟೆ ಲೆಕ್ಕ ಹಾಕಬೇಕು.

ಚಳಿಗಾಲದಲ್ಲಿ ಸಂಬಂಧಿಕರ ಮದುವೆಗೆಂದು ಅಣ್ಣನ ಜೊತೆ ಹೋಗಿದ್ದೆ. ಮಧ್ಯಾಹ್ನದ ವಿಮಾನ. ನಸುಕಿನಲ್ಲೇ ಕಾರು ಹತ್ತಿ, ಕುಶಾಲನಗರ, ಹುಣಸೂರು ದಾಟಿ, ಮೈಸೂರಿನಿಂದ ಎಕ್ಸ್‌ಪ್ರೆಸ್‌ವೇ ಹಿಡಿದೆವು. 2023ರಲ್ಲಿ ಅದು ಉದ್ಘಾಟನೆಯಾದ ಮೇಲೆ ಆ ಭಾಗ ಸಲೀಸು. ಸಮಯ ತಿನ್ನುವುದು ಬೆಂಗಳೂರೊಳಗಿನ ಕೊನೆಯ ತುಂಡು. ಕೆಂಗೇರಿಯಿಂದ ದೇವನಹಳ್ಳಿಗೆ ಎರಡು ಗಂಟೆ ಇಟ್ಟುಕೊಳ್ಳಿ. ಕಾರು ಬೇಡ ಅಂದರೆ ಮೈಸೂರಿನಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ನಿಲ್ದಾಣಕ್ಕೇ ಹೋಗುತ್ತದೆ. ಹೊರಡುವ ಮೊದಲು ಟರ್ಮಿನಲ್ 1ರೋ 2ರೋ ನೋಡಿಕೊಳ್ಳಿ. ದೇಶದೊಳಗಿನ ವಿಮಾನಗಳು ಎರಡರಿಂದಲೂ ಹೊರಡುತ್ತವೆ.

ಮದುವೆಗೆ ಹೋಗುವ ಕೊಡವರಿಗೆ ಒಂದು ಮಾತು. ಗಂಡಸರ ಸಾಂಪ್ರದಾಯಿಕ ಉಡುಪು ಕುಪ್ಯಚೇಲೆ ಕೈಚೀಲದಲ್ಲಿ ಇಟ್ಟರೂ ನಡೆಯುತ್ತದೆ, ಸೊಂಟಕ್ಕೆ ಸಿಗಿಸುವ ಪೀಚೆಕತ್ತಿ ಮಾತ್ರ ಚೆಕ್-ಇನ್ ಬ್ಯಾಗಿಗೇ ಹೋಗಬೇಕು. ಅಣ್ಣ ಅದನ್ನು ಒರೆ ಸಮೇತ ಹಳೇ ಟವೆಲ್‌ನಲ್ಲಿ ಸುತ್ತಿ, ದಾರ ಕಟ್ಟಿ, ಬಟ್ಟೆಗಳ ನಡುವೆ ಇಟ್ಟಿದ್ದ. ಅಡುಗೆಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯ ಬಾಟಲಿಯೂ ಅಲ್ಲೇ ಇರಲಿ, ಮುಚ್ಚಳಕ್ಕೆ ಟೇಪ್ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ. ಒಣ ಕೊಬ್ಬರಿ ತರಬೇಡಿ, ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುತ್ತದೆಂದು ಬಿಡುವುದಿಲ್ಲ. ಕಾಫಿಪುಡಿ, ಕರಿಮೆಣಸಿಗೆ ತಕರಾರಿಲ್ಲ. ಚೆಕ್-ಇನ್ ಬ್ಯಾಗಿಗೆ ಸಾಮಾನ್ಯವಾಗಿ 15 ಕೆ.ಜಿ. ಮಿತಿ. ನೆಂಟರಿಗೆ ಕೊಡಲು ಹೊರಟವರಿಗೆ ಅದು ಎಲ್ಲಿ ಸಾಕಾಗುತ್ತದೆ, ಅಲ್ವಾ?

ಟಿಕೆಟ್‌ನ ಸಮಯದಲ್ಲಿ ವಿಮಾನ ನೆಲದ ಮೇಲೆ ಓಡಾಡುವುದೂ ಸೇರಿರುತ್ತದೆ. ದೆಹಲಿ ಬಹುಮಟ್ಟಿಗೆ ಬೆಂಗಳೂರಿನ ನೇರ ಉತ್ತರಕ್ಕಿದೆ, ಅದಕ್ಕೇ ಹೋಗುವಾಗಲೂ ಬರುವಾಗಲೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಇಳಿದ ಮೇಲೆ ಬ್ಯಾಗಿಗೆ ಕಾದು, ಟರ್ಮಿನಲ್ 3ರಿಂದ ಏರ್‌ಪೋರ್ಟ್ ಮೆಟ್ರೋ ಹಿಡಿದರೆ ಇಪ್ಪತ್ತು ನಿಮಿಷದಲ್ಲಿ ನವದೆಹಲಿ ರೈಲು ನಿಲ್ದಾಣ.

ವಿರಾಜಪೇಟೆ ಕಡೆಯವರಿಗೆ ಕೇರಳದ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ, ಮಟ್ಟನ್ನೂರು, ಸುಮಾರು 60 ಕಿ.ಮೀ. ಮಡಿಕೇರಿಯವರಿಗೆ ಸಂಪಾಜೆ ಘಾಟಿ ಇಳಿದರೆ ಮಂಗಳೂರೂ ಇದೆ. ಆದರೆ ನೇರ ವಿಮಾನ ಸಿಕ್ಕರಷ್ಟೇ ಲಾಭ. ಮಧ್ಯೆ ವಿಮಾನ ಬದಲಿಸಬೇಕೆಂದರೆ ರಸ್ತೆಯಲ್ಲಿ ಉಳಿಸಿದ್ದು ಅಲ್ಲೇ ಕರಗುತ್ತದೆ. ಮಳೆಗಾಲದಲ್ಲಂತೂ ಎರಡೂ ಘಾಟಿಗಳ ಸುದ್ದಿ ಹಿಂದಿನ ರಾತ್ರಿಯೇ ವಿಚಾರಿಸಿ.

ಡಿಸೆಂಬರ್, ಜನವರಿಯಲ್ಲಿ ದೆಹಲಿಯಿಂದ ಬೆಳಗಿನ ವಿಮಾನ ಬೇಡ, ಮಂಜಿಗೆ ಗಂಟೆಗಟ್ಟಲೆ ತಡವಾಗುತ್ತದೆ. ಮಧ್ಯಾಹ್ನ ಹೊರಟು, ರಾತ್ರಿ ಮೈಸೂರಿನಲ್ಲಿ ಉಳಿದು, ಮರುದಿನ ಊರು ಸೇರಿ.